ಕಾಕು ತೂಗಿದ ಖಾಲಿ ತೊಟ್ಟಿಲು

ಕಳೆದ ವಾರ ಸಹೋದ್ಯೋಗಿಯೊಬ್ಬಳ ಕೂಸನ್ನು ನೋಡಲು ಪುಣೆಯ ಕಾತ್ರಜಕ್ಕೆ ಹೋಗಿದ್ದೆ. ಬಾಗಿಲು ತೆರೆದ ಕೂಡಲೇ ಮೂಗಿಗೆ ಅಜವಾನದ ಹೊಗೆ ಬಡಿಯಿತು. ಅವಳ ತಾಯಿ ಒಳಗೆ ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ, ಆಗಷ್ಟೇ ನೀರೆರೆದ ಕೂಸಿಗೆ ಹೊಗೆ ಕೊಡುತ್ತಿದ್ದರು. ನನ್ನ ಜೊತೆ ಬಂದವರೆಲ್ಲ ಕೆಮ್ಮುತ್ತ ಬಾಲ್ಕನಿಗೆ ಹೋದರು. ನಾನು ಅಲ್ಲೇ ಕುಳಿತೆ. ಆ ಹೊಗೆಯಲ್ಲೇ ಬೆಳೆದವಳು ನಾನು...

ನಿಗಡಿಯಲ್ಲಿ ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಂದು ಪಾಳಣಾಘರವಿತ್ತು. ನೌಕರಿಯ ತಾಯಂದಿರು ಬೆಳಿಗ್ಗೆ ಕೂಸುಗಳನ್ನು ಅಲ್ಲಿ ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಿದ್ದರು. ನಡೆಸುತ್ತಿದ್ದವರು ಬೆಳಗಾವಿ ಕಡೆಯ ಒಬ್ಬ ಹೆಣ್ಣುಮಗಳು. ಕನ್ನಡದವರಿಗೂ ಮರಾಠಿಯವರಿಗೂ ಅವರು ಕಾಕು, ಅಂದರೆ ಚಿಕ್ಕಮ್ಮ. ಕಾರಖಾನೆಯೊಂದರಲ್ಲಿ ಗುಮಾಸ್ತರಾಗಿದ್ದ ಗಂಡ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಸ್ವಂತ ಮಕ್ಕಳಿರಲಿಲ್ಲ. ಅಮ್ಮ ಬ್ಯಾಂಕಿಗೆ ಹೋಗುತ್ತಿದ್ದುದರಿಂದ ನಾನು ಹಲ್ಲು ಬರುವ ಮೊದಲೇ ಅಲ್ಲಿಗೆ ಸೇರಿದವಳು. ದೊಡ್ಡವಳಾದ ಮೇಲೂ ನಮ್ಮ ಮನೆಯ ಕೀಲಿ ಕಾಕು ಬಳಿಯೇ ಇರುತ್ತಿತ್ತು. ಕಾಲೇಜಿನಿಂದ ಬಂದು ಕೀಲಿ ಇಸಿದುಕೊಳ್ಳುವ ನೆವದಲ್ಲಿ ಸಂಜೆಯವರೆಗೂ ಅಲ್ಲೇ ಕೂತುಬಿಡುತ್ತಿದ್ದೆ.

ಪಡಸಾಲೆಯ ತೊಲೆಗೆ ಹಳೆಯ ಇಳಕಲ್ ಸೀರೆಗಳ ತೊಟ್ಟಿಲುಗಳನ್ನು ಕಟ್ಟಿದ್ದರು. ಕೂಸನ್ನು ಎತ್ತಿಕೊಂಡ ಮೇಲೆ ಕಾಕು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಅಂಗೈಯಿಂದ ಆ ತೊಟ್ಟಿಲನ್ನು ಹಿಡಿದು ನಿಲ್ಲಿಸುವುದು. ಹಾಲು ಉಕ್ಕುತ್ತಿರಲಿ, ಬಾಗಿಲಲ್ಲಿ ಯಾರಾದರೂ ಕೂಗುತ್ತಿರಲಿ, ಅದು ಪೂರ್ತಿ ನಿಲ್ಲುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ನಾವು ಚಿಕ್ಕವರು ಆಟಕ್ಕೆಂದು ದೂಡಿದರೆ ಮಾತ್ರ ಅವರ ದನಿ ಏರುತ್ತಿತ್ತು.

"ಖಾಲಿ ತೊಟ್ಟಲಾ ತೂಗಬಾರದವಾ. ಕೂಸಿನ ಹೊಟ್ಟಿ ನೋಯ್ತದ."

ನಾನು ಹನ್ನೊಂದನೇ ತರಗತಿಯಲ್ಲಿದ್ದ ವರ್ಷದ ಮಾತು. ಹೊಸ ಹೊಸ ಟಿವಿ ಚಾನೆಲ್‌ಗಳು ಬರುತ್ತಿದ್ದ ಕಾಲ. ಪಿತೃಪಕ್ಷದ ಅಮಾವಾಸ್ಯೆಯಂದು ಪಾಳಣಾಘರಕ್ಕೆ ರಜೆ. ಕಾಕು ಆ ದಿನ ಗಂಡನಿಗೆ ಎಡೆ ಇಡುತ್ತಿದ್ದರು. ಒಳಕೋಣೆಯಲ್ಲಿ ಮಣೆಯ ಮೇಲೆ ಅವರ ಧೋತರ, ಕರಿ ಟೊಪ್ಪಿಗೆ, ಕನ್ನಡಕ. ಮುಂದೆ ಎಲೆಯಲ್ಲಿ ಹೂರಣದ ಕಡಬು, ವಡೆ, ಅನ್ನ, ತುಪ್ಪ. ಎಲ್ಲ ಇಟ್ಟ ಮೇಲೆ ಬಾಗಿಲು ಮುಚ್ಚಿ ಹೊರಗೆ ನಿಲ್ಲಬೇಕು. ಹಿರಿಯರು ಬಂದು ಉಣ್ಣುವಷ್ಟು ಹೊತ್ತು ಬಿಟ್ಟು, ಮೆಲ್ಲಗೆ ಬಾಗಿಲು ತಟ್ಟಿ ಒಳಗೆ ಹೋಗಬೇಕು. ಆಮೇಲೆ ನಮ್ಮ ಊಟ. ಪ್ರತಿ ವರ್ಷ ಆ ಊಟಕ್ಕೆ ನಾನಿರುತ್ತಿದ್ದೆ.

ಆ ವರ್ಷ ಟಿವಿಯವರೂ ಬಂದಿದ್ದರು. ಪುಣೆಯಲ್ಲಿ ನೆಲೆಸಿದ ಹೊರಗಿನವರ ಪದ್ಧತಿಗಳ ಬಗ್ಗೆ ಕಾರ್ಯಕ್ರಮ ಮಾಡುತ್ತೇವೆ, ಜೊತೆಗೆ ನಿಮ್ಮ ಪಾಳಣಾಘರವನ್ನೂ ತೋರಿಸುತ್ತೇವೆ ಎಂದು ಕೇಳಿಕೊಂಡು ಬಂದವರು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದಾದ ಒಬ್ಬ ವರದಿಗಾರ್ತಿ, ಒಬ್ಬ ಕ್ಯಾಮರಾದವನು. "ಚಪ್ಪಲಿ ಬಿಟ್ಟು ಬರ್ರಿ" ಎಂದು ಕಾಕು ಅವರನ್ನು ಒಳಕೋಣೆಗೂ ಕರೆದೊಯ್ದರು. ಎಡೆಯ ಚಿತ್ರ ತೆಗೆದರು. ಮುಚ್ಚಿದ ಬಾಗಿಲು, ಬಾಗಿಲು ತಟ್ಟುವ ಕಾಕು ಕೈ, ಮೂಲೆಯ ಅಗ್ಗಿಷ್ಟಿಕೆಯ ಹೊಗೆ, ಎಲ್ಲವನ್ನೂ ತೆಗೆದರು. ಕೊನೆಗೆ ಕ್ಯಾಮರಾದವನು ಮರಾಠಿಯಲ್ಲಿ, ಒಂದು ತೊಟ್ಟಿಲು ತೂಗಿ ತೋರಿಸಿ ಎಂದ.

ಕಾಕು ಒಪ್ಪಲಿಲ್ಲ. ಇವತ್ತು ಕೂಸುಗಳಿಲ್ಲ, ನಾಳೆ ಬನ್ನಿ ಎಂದರು. ನಾಳೆ ಬೇರೆ ಕಡೆ ಶೂಟಿಂಗ್ ಇದೆ ಎಂದು ವರದಿಗಾರ್ತಿ ಅವರ ಕೈ ಹಿಡಿದುಕೊಂಡಳು. "ಕಾಕು, ಒಂದೇ ಸಲ. ಪಾಳಣಾಘರ ಅಂತ ಜನರಿಗೆ ಹೇಗೆ ಗೊತ್ತಾಗಬೇಕು?" ಅಷ್ಟು ದೂರದಿಂದ ಬಂದ ಹುಡುಗಿ, ಇನ್ನೂ ಊಟ ಮಾಡಿರಲಿಲ್ಲ. ಕಾಕು ತುಟಿಯಲ್ಲೇ ದೇವರ ಹೆಸರು ಹೇಳಿಕೊಂಡು, ಎರಡು ಬೆರಳಿನಿಂದ, ಬಿಸಿ ಪಾತ್ರೆ ಮುಟ್ಟಿದಂತೆ, ತೊಟ್ಟಿಲನ್ನು ಒಮ್ಮೆ ದೂಡಿ ಪಕ್ಕಕ್ಕೆ ಸರಿದರು. ಅದು ತೂಗುತ್ತಲೇ ಇತ್ತು. ನಿಲ್ಲಿಸಲು ಕೈ ಚಾಚಿದಾಗ ಕ್ಯಾಮರಾದವನು ಬೇಡ ಬೇಡ ಎಂದು ಸನ್ನೆ ಮಾಡಿದ.

ಆಮೇಲೆ ಅವರಿಬ್ಬರೂ ಕೂತು ಊಟ ಮಾಡಿದರು. ವರದಿಗಾರ್ತಿ ಕಡಬನ್ನು ಕೇಳಿ ಹಾಕಿಸಿಕೊಂಡಳು.

ಮುಂದಿನ ಭಾನುವಾರ ಸಂಜೆ ಕಾರ್ಯಕ್ರಮ. ಕಾಕು ಎಲ್ಲ ಮನೆಗಳಿಗೂ ಹೇಳಿ ಬಂದಿದ್ದರು. ತಾಯಂದಿರು, ಮಕ್ಕಳು, ನನ್ನ ಅಪ್ಪ ಅಮ್ಮ, ಎಲ್ಲರೂ ಪಡಸಾಲೆಯಲ್ಲಿ ಒತ್ತಿಕೊಂಡು ಕೂತಿದ್ದೆವು. ಚುರಮರಿ, ಮಿರ್ಚಿ ಭಜಿ ಮಾಡಿದ್ದರು. ತಾವು ಮಾತ್ರ ಒಳ್ಳೆಯ ಸೀರೆ ಉಟ್ಟು, ತಾವೇ ಟಿವಿಯಲ್ಲಿ ಬರುವವರಿದ್ದರೂ, ಬಾಗಿಲ ಹತ್ತಿರ ನಿಂತೇ ಇದ್ದರು.

ಮೊದಲು ಪರದೆಯ ಮೇಲೆ ಕತ್ತಲು. ಮೂಲೆಯಲ್ಲಿ ಕೆಂಪು ಅಕ್ಷರದಲ್ಲಿ 'ಲೈವ್'. ಆ ಕತ್ತಲಲ್ಲಿ ನಮ್ಮ ಓಣಿ, ಕಾಕು ಮನೆಯ ಗೇಟು. ವರದಿಗಾರ್ತಿ ಉಸಿರು ಬಿಗಿಹಿಡಿದು ಪಿಸುಗುಟ್ಟುತ್ತಿದ್ದಳು: ನಾವೀಗ ನಿಗಡಿಯ ಆ ಮನೆಯ ಹೊಸ್ತಿಲಲ್ಲಿದ್ದೇವೆ, ಒಳಗೆ ಯಾರೂ ಇಲ್ಲ, ಆದರೂ ಒಳಗೆ ತೊಟ್ಟಿಲು ತೂಗುತ್ತದೆ...

ನಮ್ಮ ಗೋಡೆಯ ಮೇಲೆ ಇನ್ನೂ ಇಳಿಬಿಸಿಲಿತ್ತು. ಯಾರೋ ತಿರುಗಿ ಹೊಸ್ತಿಲ ಕಡೆ ನೋಡಿದರು. ಅಲ್ಲಿ ನಮ್ಮ ಚಪ್ಪಲಿಗಳಿದ್ದವು.

ಅಪ್ಪ ಜೋರಾಗಿ ನಕ್ಕರು. "ಏನ್ರೀ ಕಾಕು, ಮನ್ಯಾಗ ದೆವ್ವ ಇಟಗೊಂಡು ನಮಗ ಹೇಳೇ ಇಲ್ಲಲ್ರೀ!"

"ಇದ್ದಿದ್ರ ಒಂದ್ ತೊಟ್ಟಲಾ ತೂಗಾಕ ಅದಕ್ಕ ಕೊಡ್ತಿದ್ದೆ ಬಿಡ್ರಿ. ನನ್ನ ರಟ್ಟಿ ಬಿದ್ದು ಹೋಗ್ಯಾವ."

ಎಲ್ಲರೂ ನಕ್ಕೆವು. ಪರದೆಯ ಮೇಲೆ ತೊಟ್ಟಿಲು ತೂಗಿತು, ಜೊತೆಗೆ ಎಲ್ಲಿಂದಲೋ ತಂದು ಹಾಕಿದ ಕೂಸಿನ ಅಳು. ಧೋತರ, ಟೊಪ್ಪಿಗೆ, ಕನ್ನಡಕ ಬಂದವು. ಮುಚ್ಚಿದ ಬಾಗಿಲು ಬಂತು. ತಟ್ಟುವ ಸದ್ದು ಬಾಗಿಲ ಒಳಗಿನಿಂದ ಬಂದಂತೆ ಕೇಳಿಸಿದರು. ಗಂಡನ ಕನ್ನಡಕ ಇನ್ನೊಮ್ಮೆ ಕಾಣಿಸಿದಾಗ ಕಾಕು ನಗುವುದನ್ನು ನಿಲ್ಲಿಸಿದ್ದರು.

ಆಗ ಒಬ್ಬ ತಾಯಿಯ ಮೊಬೈಲ್ ರಿಂಗಾಯಿತು. ಊರಿನಿಂದ ಅವಳ ಅತ್ತೆ. ಆಕೆ ಮರಾಠಿಯಲ್ಲಿ, ಅಯ್ಯೋ ನಾವು ಇಲ್ಲೇ ಒಳಗೇ ಕೂತಿದ್ದೇವೆ, ಭಜಿ ತಿನ್ನುತ್ತಿದ್ದೇವೆ, ಹೊರಗೆ ಯಾರೂ ಇಲ್ಲ ಎಂದು ಹೇಳಿದಳು. ಮತ್ತೆ ಹೇಳಿದಳು. ಆಮೇಲೆ ಮೊಬೈಲ್ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ಮಗುವಿನ ಚೀಲ ಹುಡುಕತೊಡಗಿದಳು.

ಆ ವಾರ ಕೂಸುಗಳನ್ನು ಬಿಡಿಸಿಕೊಳ್ಳಲು ತಾಯಂದಿರು ಒಬ್ಬೊಬ್ಬರೇ ಬಂದರು. ಸುಳ್ಳೆಂದು ತಿಳಿಯದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಧಾರವಾಡ ಕಡೆಯ ಒಬ್ಬಾಕೆ ಅತ್ತೇಬಿಟ್ಟಳು. "ನನಗ ಗೊತ್ತದರಿ ಕಾಕು, ನಾ ಅಲ್ಲೇ ಇದ್ದೆ. ಆದ್ರ ನಮ್ಮ ಮನ್ಯಾಗ ಕೇಳವಲ್ರು. ನಾಳೆ ಕೂಸಿಗೆ ಜ್ವರ ಬಂದ್ರ ನನ್ನ ಬಿಡಂಗಿಲ್ಲರಿ." ಕಾಕು ಆಕೆಗೇ ಸಮಾಧಾನ ಹೇಳಿ, ಕೂಸಿನ ಟೋಪಿ, ಹಾಲಿನ ಬಾಟಲಿ ಹುಡುಕಿ ಕೊಟ್ಟು ಕಳಿಸಿದರು. ನಂಬಿದವರು ಯಾರಾದರೂ ಎದುರಿಗೆ ಬಂದಿದ್ದರೆ ಜಗಳವಾದರೂ ಆಡಬಹುದಿತ್ತು. ನಂಬಿದವರೆಲ್ಲ ಬೇರೆ ಎಲ್ಲೋ ಇದ್ದರು.

ಅಪ್ಪ ಕಾಕುವನ್ನು ಕರೆದುಕೊಂಡು ಚಾನೆಲ್‌ನ ಆಫೀಸಿಗೆ ಹೋದರು. ಆ ಹುಡುಗಿ ಈಗ ಇಲ್ಲಿಲ್ಲ ಎಂದರಂತೆ. ಕೊನೆಯಲ್ಲಿ 'ಕಾಲ್ಪನಿಕ' ಎಂದು ಬರೆದಿದ್ದೇವಲ್ಲ ಎಂದರಂತೆ. ನಾವು ಯಾರೂ ಅದನ್ನು ಓದಿರಲಿಲ್ಲ. ಅಷ್ಟು ಸಣ್ಣ ಅಕ್ಷರ, ಅಷ್ಟು ಬೇಗ ಹೋಗಿತ್ತು. ಕಾಕು ಒಂದೇ ಮಾತು ಕೇಳಿದರಂತೆ: ನಿಮ್ಮ ಹುಡುಗಿ ನನ್ನ ಮನೆಯಲ್ಲಿ ಉಂಡು ಹೋಗಿದ್ದಾಳೆ, ಅದನ್ನಾದರೂ ತೋರಿಸುತ್ತೀರಾ? ಅವರಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ ಎಂದು ಅಪ್ಪ ಹೇಳಿದರು.

ಪಕ್ಕದ ಆಕುರ್ಡಿಯಿಂದ, ಚಿಂಚವಡದಿಂದ ಹುಡುಗರು ಬೈಕಿನಲ್ಲಿ ಬಂದು ಗೇಟಿನ ಮುಂದೆ ಕೂಗಿ ಹೋಗುತ್ತಿದ್ದರು. ಇದು ಮನುಷ್ಯರಿರುವ ಮನೆ ಎಂದು ಕಾಣಲಿ ಎಂದು ಕಾಕು ಹಗಲೆಲ್ಲ ಬಾಗಿಲು ತೆರೆದಿಟ್ಟು ಪಡಸಾಲೆಯಲ್ಲೇ ಕೂರತೊಡಗಿದರು. ಆಗ ಹುಡುಗರು ಅವರನ್ನೇ ಬೆರಳು ಮಾಡಿ ತೋರಿಸಿದರು. ನಾನು ಕಾಲೇಜಿನಿಂದ ಬಂದು ಪಕ್ಕದಲ್ಲಿ ಕೂರುತ್ತಿದ್ದೆ. ಓದಿಕೊಳ್ಳುತ್ತಿದ್ದೆ. ಅದಕ್ಕಿಂತ ಹೆಚ್ಚಿನದು ಏನು ಮಾಡಬಹುದಿತ್ತೆಂದು ನನಗೆ ಇಂದಿಗೂ ತಿಳಿದಿಲ್ಲ.

ಕಾಕು ಯಾರನ್ನೂ ಬೈಯಲಿಲ್ಲ. ಒಂದು ಸಂಜೆ ತೊಟ್ಟಿಲುಗಳನ್ನು ಬಿಚ್ಚಿ, ಸೀರೆಗಳನ್ನು ಮಡಚುತ್ತ ತಮಗೆ ತಾವೇ ಅಂದುಕೊಂಡರು. "ಗೊತ್ತಿದ್ದೂ ತೂಗಿದೆ. ಖಾಲಿ ತೊಟ್ಟಲಾ ತೂಗಿದೆ..."

"ಅದಕ್ಕಲ್ಲ ಕಾಕು. ಅವರು ಸುಳ್ಳು ಹೇಳಿದ್ರು," ಎಂದೆ.

"ಅವರು ಹೇಳಿದ್ರವಾ. ತೂಗಿದಾಕಿ ನಾ ಅಲ್ಲೇನು?"

ಮರುವರ್ಷದ ಅಮಾವಾಸ್ಯೆಗೂ ನನ್ನನ್ನು ಕರೆದರು. ಎಂದಿನಂತೆ ಧೋತರ, ಟೊಪ್ಪಿಗೆ, ಕನ್ನಡಕ, ಎಲೆ. ಆದರೆ ಒಳಕೋಣೆಯ ಬಾಗಿಲು ಮುಚ್ಚಲು ಹೋದ ಕೈ ಹಾಗೇ ನಿಂತಿತು. ಓಣಿಯಲ್ಲಿ ಯಾರೋ ನಿಂತು ಇಣುಕುತ್ತಿದ್ದರು.

"ಮುಚ್ಚಿದ್ರ ಮಂದಿ ಒಂದ್ ಅಂತಾರ. ತೆಗದಿಟ್ರ ಅವರು ಬರಂಗಿಲ್ಲ. ನಾ ಏನ್ ಮಾಡ್ಲಿ ಹೇಳವಾ?"

ಬಾಗಿಲು ತೆರೆದೇ ಇತ್ತು. ನಾವಿಬ್ಬರೂ ಬೆನ್ನು ತಿರುಗಿಸಿ ನಿಂತೆವು. ಸಾಕಷ್ಟು ಹೊತ್ತಿನ ಮೇಲೆ ಅವರು ತೆರೆದ ಬಾಗಿಲನ್ನೇ ಮೆಲ್ಲಗೆ ತಟ್ಟಿ ಒಳಗೆ ಹೋದರು. ಆ ದಿನ ಇಬ್ಬರಿಗೂ ಊಟ ಸೇರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಮನೆ ಮಾರಿ ತಮ್ಮನ ಊರಿಗೆ ಹೊರಟರು. ಕಾತ್ರಜದಲ್ಲಿ ಬೆಳಗಾವಿ ಬಸ್ಸು ಹತ್ತಿಸಲು ಅಪ್ಪನ ಜೊತೆ ನಾನೂ ಹೋಗಿದ್ದೆ. ಕಿಟಕಿಯಿಂದ ನಮ್ಮ ಮನೆಯ ಕೀಲಿಯನ್ನು ಕೊಟ್ಟರು. ಇಷ್ಟು ವರ್ಷ ಅವರ ಸೆರಗಿನ ತುದಿಯಲ್ಲಿದ್ದದ್ದು. ಏನೋ ಹೇಳಿದರು, ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ... ಮೂರ್ನಾಲ್ಕು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು, ಅದೂ ತಿಂಗಳು ಕಳೆದ ಮೇಲೆ. ಆ ವರ್ಷ ಪಿತೃಪಕ್ಷದಲ್ಲಿ, ಕಾಕುಗೂ ಒಂದು ಎಲೆ ಇಡೋಣವೇ ಎಂದು ಅಮ್ಮನನ್ನು ಕೇಳಿದ್ದೆ. ಅಮ್ಮ ತುಸು ಯೋಚಿಸಿ, "ಆಕಿ ನಮಗ ಏನ್ ಆಗಬೇಕವಾ?" ಎಂದಳು. ಕಟುವಾಗಿಯಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು. ಪಾಳಣಾಘರದವರಿಗೆ ಎಡೆ ಇಡುವ ಪದ್ಧತಿ ಯಾರಲ್ಲೂ ಇಲ್ಲ.

ಕಳೆದ ವಾರ ಕಾತ್ರಜದ ಆ ಮನೆಯಲ್ಲಿ ಹೊಗೆ ಕೊಟ್ಟಾದ ಮೇಲೆ ಸಹೋದ್ಯೋಗಿ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದಳು. ಅದು ಅತ್ತಿತು, ಅವಳು ಮತ್ತೆ ಎತ್ತಿಕೊಂಡು ಎಲ್ಲರಿಗೂ ತೋರಿಸಲು ಬಾಲ್ಕನಿಗೆ ಹೋದಳು. ನಾನು ಎದ್ದು ಹೋಗಿ, ಖಾಲಿಯಾಗಿ ತೂಗುತ್ತಿದ್ದ ತೊಟ್ಟಿಲಿನ ಮೇಲೆ ಅಂಗೈ ಇಟ್ಟೆ. ಪೂರ್ತಿ ನಿಲ್ಲುವವರೆಗೆ ಹಾಗೇ ಹಿಡಿದಿದ್ದೆ. ಅವಳ ತಾಯಿ ಅಗ್ಗಿಷ್ಟಿಕೆ ಎತ್ತಿಕೊಂಡು ಹೋಗುವವರು ನಿಂತು ನನ್ನನ್ನು ನೋಡಿದರು.

"ಇದನ್ನ ಯಾರು ಕಲಿಸಿದ್ರವಾ, ನಿಮ್ಮ ಅಜ್ಜಿ ಏನು?"

ಅಲ್ಲ ಎಂದೆ. ಕಾಕು ಎಂದಿದ್ದರೆ, ನಿಮಗೆ ಏನಾಗಬೇಕು ಎಂದು ಅವರೂ ಕೇಳುತ್ತಿದ್ದರು.