ಮಾವನ ಬಟನ್ ಫೋನು

ಮೊನ್ನೆ ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ದಾರಿಯಲ್ಲಿ ಯಾವುದೋ ಆಲೆಮನೆಯಲ್ಲಿ ಪಾಕ ಇಳಿಸುತ್ತಿದ್ದರು ಅಂತ ಕಾಣುತ್ತದೆ, ಬಿಸಿ ಬೆಲ್ಲದ ವಾಸನೆ ಒಮ್ಮೆಗೇ ಒಳಗೆ ನುಗ್ಗಿತು. ಮುಂದಿನ ಸೀಟಿನ ಹೆಂಗಸು ಉಸಿರೆಳೆದುಕೊಂಡು ಸುಖಪಟ್ಟರು. ನಾನು ಕಿಟಕಿ ಮುಚ್ಚಿದೆ. ನನ್ನ ಮಟ್ಟಿಗೆ ಅದು ಸೋದರಮಾವನ ವಾಸನೆ. ಅವರ ಅಂಗಿ, ಹೆಗಲ ಮೇಲಿನ ಟವಲ್ಲು, ನಮ್ಮ ಮನೆಗೆ ತರುತ್ತಿದ್ದ ಚೀಲ, ಎಲ್ಲಕ್ಕೂ ಅದೇ ವಾಸನೆ ಇರುತ್ತಿತ್ತು...

ಅಮ್ಮನ ಬೆನ್ನಿಗೆ ಹುಟ್ಟಿದ ತಮ್ಮ ಅವರು. ಊರು ಶೀಳನೆರೆ ಕಡೆ. ವಯಸ್ಸಿನಲ್ಲೆಲ್ಲ ಆಲೆಮನೆಯ ಕೊಪ್ಪರಿಗೆ ಮುಂದೆ ನಿಂತು ಪಾಕ ನೋಡಿದವರು. ಬೆರಳನ್ನು ತಣ್ಣೀರಿಗೆ ಅದ್ದಿ, ಕುದಿಯುವ ಪಾಕಕ್ಕೆ ಇಳಿಸಿ, ಎತ್ತಿ, ನೀರಿನಲ್ಲಿ ಉಂಡೆ ಮಾಡಿ ನೋಡಿ 'ಇಳುಸ್ರಲಾ' ಅಂದರೆ ಮುಗಿಯಿತು, ಅವರ ಮಾತಿಗೆ ಎದುರಿಲ್ಲ. ಕೈ ನಡುಗಲು ಶುರುವಾದ ಮೇಲೆ ಆ ಕೆಲಸ ಬಿಟ್ಟರು. ಜಮೀನು, ಹಸು, ಡೈರಿಗೆ ಹಾಲು ಹಾಕುವುದು ಎಲ್ಲವನ್ನೂ ಮಗ ನೋಡಿಕೊಳ್ಳುತ್ತಿದ್ದ.

ಅಮ್ಮ ಹೋದ ಮೇಲೆ ಮಾವನಿಗೆ ಹೊಸ ಚಿಂತೆ ಹತ್ತಿಕೊಂಡಿತು. ತವರಿನ ಕಡೆಯಿಂದ ನನ್ನನ್ನು ವಿಚಾರಿಸುವವರು ಯಾರು? ಐವತ್ತು ದಾಟಿದ ಹೈಸ್ಕೂಲು ಮೇಡಂ ನಾನು, ನನ್ನನ್ನೇನು ವಿಚಾರಿಸುವುದು ಅಂತ ನಗುತ್ತಿದ್ದೆ. ಮಗನ ಟಚ್ ಫೋನಿನಲ್ಲಿ ಆಗಾಗ ಮಾತಾಡುತ್ತಿದ್ದರು, ಆದರೆ ಅವನು ಮನೆಯಲ್ಲಿರುವ ಹೊತ್ತಿಗೆ ಕಾಯಬೇಕಾಗಿತ್ತು. ಅವರದೇ ಒಂದು ಫೋನು ಇರಲಿ ಅಂತ ಒಂದು ಭಾನುವಾರ ನನ್ನ ಸ್ಕೂಲಿರುವ ಪಾಂಡವಪುರಕ್ಕೆ ಕರೆಸಿಕೊಂಡೆ.

ಅಂಗಡಿಯವನು ಮೊದಲು ದೊಡ್ಡ ಗಾಜಿನ ಫೋನೇ ತೆಗೆದ. ಮಾವ ಒತ್ತಿದರು. ಏನೂ ಆಗಲಿಲ್ಲ. ಅಂಗಡಿಯವನು ಗಾಜು ಒರೆಸಿ ಕೊಟ್ಟ, ಮಾವ ಬೆರಳು ಒರೆಸಿಕೊಂಡು ಮತ್ತೆ ಒತ್ತಿದರು. ಊಹೂಂ. ಪಾಕದಲ್ಲಿ ಬೆಂದೂ ಬೆಂದೂ ತುದಿ ಬೆರಳಿನ ಚರ್ಮ ಕೊರಡಾಗಿತ್ತು.

"ಯಜಮಾನ್ರೇ, ನಿಮ್ ಬೆಳ್ಳು ಇದಕ್ಕೆ ಗೊತ್ತಾಯ್ತಿಲ್ಲ" ಅಂದ ಅಂಗಡಿಯವನು.

"ಮುಟ್ಟಿದ್ದು ನಂಗೇ ಗೊತ್ತಾಗಾಕಿಲ್ಲ ಬುಡಪ್ಪ, ಇನ್ನ ಅದ್ಕೆ ಏನ್ ಗೊತ್ತಾದದು" ಅಂದರು ಮಾವ. ಮೂವರೂ ನಕ್ಕೆವು.

ಆಮೇಲೆ ಬಟನ್ ಫೋನುಗಳು ಬಂದವು. ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಒಂದೊಂದನ್ನೂ ತಿರುಗಿಸಿ, ತೂಗಿ, ಬೆನ್ನು ತಟ್ಟಿ ನೋಡಿದರು. ಒಂದರ ಬಟನ್ನು ಚಿಕ್ಕದು, ಇನ್ನೊಂದರ ಟಾರ್ಚು ಮಂಕು. ಧ್ವನಿ ಪರೀಕ್ಷೆಗೆ ನನ್ನನ್ನು ರಸ್ತೆಯ ಆಚೆ ಬದಿಗೆ ನಿಲ್ಲಿಸಿದರು. ನಾನು ಅಲ್ಲಿಂದ ನನ್ನ ಫೋನಿನಲ್ಲಿ ನಾಲ್ಕು ಸಲ "ಮಾವ, ಕೇಳುಸ್ತದಾ?" ಅಂತ ಕೂಗಿದೆ. ನನ್ನ ಇಬ್ಬರು ವಿದ್ಯಾರ್ಥಿಗಳು ಸೈಕಲ್ಲು ನಿಲ್ಲಿಸಿ ಮೇಡಂಗೆ ಏನಾಯಿತು ಅಂತ ನೋಡಿದರು. ನಾಲ್ಕನೆಯದರಲ್ಲಿ ಮಾವ ಕೈ ಎತ್ತಿದರು. "ಪಕ್ಕದಲ್ಲೇ ಕುಂತು ಮಾತಾಡ್ದಂಗೆ ಕೇಳುಸ್ತದೆ ಕಣವ್ವ. ಇದೇ ಇರ್‍ಲಿ."

ಎರಡನೇ ನಂಬರಿನ ಬಟನ್ನು ಒತ್ತಿ ಹಿಡಿದರೆ ನನಗೆ ಬರುವ ಹಾಗೆ ಮಾಡಿಸಿದೆ. ಅಷ್ಟನ್ನೂ ಬೇಗ ಕಲಿತರು. ಕೆಂಪು ಬಟನ್ನಿನ ಹತ್ತಿರ ಮಾತ್ರ ತಕರಾರು ತೆಗೆದರು. ಮಾತು ಮುಗಿದ ಮೇಲೆ ಅದನ್ನು ಒತ್ತಬೇಕು ಅಂದರೆ ಒಪ್ಪಲಿಲ್ಲ.

"ಮಾತಾಡ್ತಾ ಇರೋ ಎಣ್ಮಗಳ ಮೊಕುಕ್ಕೆ ಬಾಗ್ಲಾಕ್ದಂಗೆ ಆಗಾಕಿಲ್ವಾ? ನೀನೇ ಇಡು. ನೀನು ಇಟ್ಮೇಲೆ ನಾನು ಇಡ್ತೀನಿ."

ಅದು ಅವರ ರೀತಿ. ಮನೆಗೆ ಬಂದ ಹೆಣ್ಣುಮಕ್ಕಳನ್ನು ಬಸ್ಸು ಹತ್ತಿಸಿದರೆ, ಬಸ್ಸು ತಿರುವು ದಾಟಿ ಕಣ್ಮರೆಯಾಗುವ ತನಕ ಅಲ್ಲೇ ನಿಂತಿರುತ್ತಿದ್ದರು. ಮೊದಲೇ ಬೆನ್ನು ತಿರುಗಿಸಿದರೆ ಮನೆಯಿಂದ ಅಟ್ಟಿದ ಹಾಗಾಗುತ್ತದಂತೆ. ನಾನೂ ಹೋಗಲಿ ಅಂತ ಬಿಟ್ಟೆ.

ಅಂದಿನಿಂದ ಪ್ರತಿ ಸಂಜೆ ಫೋನು ಬರುತ್ತಿತ್ತು. "ಇಟ್ಟುಂಡ್ಯಾ ಮಗ? ಮಂಡಿನೋವು ಎಂಗದೆ?" ಆಮೇಲೆ ಹಸುವಿನ ಸಮಾಚಾರ, ನಾಲೆಗೆ ನೀರು ಬಿಟ್ಟ ಸಮಾಚಾರ, ಮತ್ತೆ ಹಸು. ಮೊದಮೊದಲು ಖುಷಿಯಾಗುತ್ತಿತ್ತು. ಮೂರು ತಿಂಗಳಾಗುವಷ್ಟರಲ್ಲಿ ಫೋನು ಕಿವಿಗಿಟ್ಟುಕೊಂಡೇ ಸೊಪ್ಪು ಸೋಸುವುದು, ನಡುವೆ ಸುಮ್ಮನೆ ಹ್ಞೂಂಗುಟ್ಟುವುದು ಕಲಿತೆ.

ಪರೀಕ್ಷೆಯ ದಿನಗಳು. ಮೇಜಿನ ಮೇಲೆ ಉತ್ತರಪತ್ರಿಕೆಯ ಎರಡು ಕಟ್ಟು ಹಾಗೇ ಕೂತಿದ್ದವು. ಅವತ್ತು ಹಸು ಕರು ಹಾಕಿತ್ತು. ಮಾವ ಅದನ್ನು ಮೊದಲಿಂದ ಕೊನೆಯ ತನಕ ಹೇಳಿದರು, ಆಮೇಲೆ ಮತ್ತೆ ಮೊದಲಿಂದ. "ಸರಿ ಮಾವ, ಕೆಲ್ಸ ಅದೆ" ಅಂದು ಫೋನು ಕೆಳಗಿಟ್ಟೆ. ಕಟ್ ಮಾಡಿದ್ದೇನೆ ಅಂತಲೇ ತಿಳಿದಿದ್ದೆ.

ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನಮ್ಮ ಯಜಮಾನರು "ಏನಂತೆ?" ಅಂದರು. ಅಷ್ಟು ಸಾಕಾಯಿತು ನನಗೆ.

"ಏನಿರುತ್ತೆ, ಹಸು ಪುರಾಣ. ಆ ಫೋನು ಕೊಡಿಸಿ ತಲೆನೋವು ತಂದುಕೊಂಡೆ. ಅವರಿಗೆ ಬೇರೆ ಕೆಲಸ ಇಲ್ಲ, ನನಗೂ ಇಲ್ಲ ಅಂದ್ಕೊಂಡಿದ್ದಾರೆ. ಸಾಯಂಕಾಲ ಆದ್ರೆ ಭಯ ಆಗುತ್ತೆ ರೀ, ಈ ಮುದುಕನ ಫೋನು ಬರುತ್ತಲ್ಲ ಅಂತ."

ಇನ್ನೂ ಏನೇನೋ ಅಂದೆ. ಅವರು ಹೇಳುವ ಧಾಟಿಯನ್ನು ಅಣಕಿಸಿಯೂ ತೋರಿಸಿದೆ. ಯಜಮಾನರು ನಕ್ಕರು, ನಾನೂ ನಕ್ಕೆ. ಹತ್ತು ಪೇಪರು ತಿದ್ದಿದ ಮೇಲೆ ಹೊತ್ತೆಷ್ಟಾಯಿತು ಅಂತ ಫೋನು ಎತ್ತಿ ನೋಡಿದರೆ ಮಾವನ ಹೆಸರಿನ ಕೆಳಗೆ ಸೆಕೆಂಡುಗಳು ಓಡುತ್ತಲೇ ಇದ್ದವು.

ಕಿವಿಗಿಟ್ಟೆ. ಹಸು ಗೊರಸು ಬಡಿಯುವ ಸದ್ದು. ಹತ್ತಿರದಲ್ಲೇ ಒಬ್ಬರು ಉಸಿರಾಡುವ ಸದ್ದು. ಪಕ್ಕದಲ್ಲೇ ಕುಳಿತು ಮಾತಾಡಿದ ಹಾಗೆ ಕೇಳಿಸುವ ಫೋನನ್ನು ನಾನೇ ಕೊಡಿಸಿದ್ದೆನಲ್ಲ. 'ಮಾವ' ಅನ್ನಬೇಕಾಗಿತ್ತು. ಆ ಒಂದು ಮಾತು ಅಂದಿದ್ದರೆ ಈಗ ಇದನ್ನು ಬರೆಯುತ್ತಿರಲಿಲ್ಲವೇನೋ... ಅನ್ನಲಿಲ್ಲ. ಕಳ್ಳಿಯ ಹಾಗೆ ಮೆಲ್ಲಗೆ ಕಟ್ ಮಾಡಿದೆ.

ಮಾರನೆಯ ಸಂಜೆ ಫೋನು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ನಾನೇ ಮಾಡಬೇಕು ಅಂತ ಫೋನು ಕೈಗೆ ತೆಗೆದುಕೊಳ್ಳುವುದು, ಕೆಳಗಿಡುವುದು. ಶೀಳನೆರೆ ಏನು ಕಾಶಿಯೇ? ಒಂದು ಭಾನುವಾರ ಬಸ್ಸು ಹತ್ತಿದ್ದರೆ ಆಗುತ್ತಿತ್ತು. ನನಗೆ ಮುಖ ತೋರಿಸುವ ಧೈರ್ಯವಿರಲಿಲ್ಲ.

ಗೌರಿ ಹಬ್ಬಕ್ಕೆ ತವರಿನ ಬಾಗಿನ ಬಂತು. ಅಮ್ಮ ಹೋದ ಮೇಲೆ ಪ್ರತಿ ವರ್ಷ ಮಾವನೇ ತಂದುಕೊಡುತ್ತಿದ್ದರು. ಆ ವರ್ಷ ಮಗನ ಕೈಲಿ ಕಳಿಸಿದ್ದರು. ಆ ನೆಪ ಹಿಡಿದು ಫೋನು ಮಾಡಿದೆ. "ಬಾಗ್ನ ಬಂತೇನವ್ವ? ಸರಿ ಸರಿ, ಉಸಾರು" ಅಂದರು. ನಾನು ಬಾಯಿ ತೆರೆಯುವುದರೊಳಗೆ ಫೋನು ಕಟ್ಟಾಯಿತು. ಮಾವನೇ ಕಟ್ ಮಾಡಿದ್ದರು. ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯಲಿ, ದೀಪಾವಳಿಗೆ ಹೋಗಿ ಕಾಲು ಹಿಡಿದರಾಯಿತು ಅಂದುಕೊಂಡೆ.

ದೀಪಾವಳಿಗೆ ಇನ್ನೂ ಎರಡು ವಾರ ಇತ್ತು. ಹಸುವಿಗೆ ಹುಲ್ಲು ಹಾಕಿ ಬಂದು ಜಗಲಿಯ ಮೇಲೆ ಒರಗಿದ ಮಾವ ಮತ್ತೆ ಏಳಲಿಲ್ಲ. ಕಾಲು ಹಿಡಿಯುವುದಕ್ಕೆ ಹೋದೆ, ಹಿಡಿದೆ. ತಣ್ಣಗಿದ್ದವು.

ತಿಥಿಯ ದಿನ ನೆಂಟರೆಲ್ಲ ಉಂಡು ಎದ್ದ ಮೇಲೆ, ಅತ್ತೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಮಾವನ ಹೆಂಡತಿ, ಹೆಚ್ಚು ಮಾತಿನವರಲ್ಲ.

"ಒಂದ್ಸಲ ನೀನು ಫೋನು ಇಟ್ಟಿರ್ನಿಲ್ವಂತೆ ಕಣವ್ವ. ಅದೇನೋ ಕೇಳುಸ್ತಂತೆ. ಏನು ಅಂತ ನಂಗೂ ಯೋಳ್ನಿಲ್ಲ. ಅವಳ ಮನೇಲಿ ಅವಳು ಏನೋ ಮಾತಾಡ್ಕತಿದ್ಲು, ನಾನು ದೊಡ್ಡೋನಾಗಿ ಬಾಗ್ಲ ಮರೇಲಿ ನಿಂತು ಕದ್ದು ಕೇಳ್ದಂಗಾಯ್ತು, ಬಾಳ ತಪ್ಪು ಮಾಡ್ಬುಟ್ಟೆ ಅಂತ ಮೂರು ದಿನ ಸರಿಯಾಗಿ ಇಟ್ಟು ಉಣ್ನಿಲ್ಲ. ಆಮೇಲೆ ಡೈರಿ ತಾವ ಓಗಿ, ಕೆಂಪು ಬಟನ್ನು ಅದುಮೋದು ಕಲ್ಕಂಡ್ ಬಂದ್ರು. ಇನ್ಯಾವತ್ತೂ ಅಂಗಾಗ್ಬಾರ್ದು ಅಂತ."

ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು, ನನ್ನನ್ನೂ ಪಕ್ಕಕ್ಕೆ ಕೂರಿಸಿಕೊಂಡರು.

"ನಿನ್ ಕುಟೆ ಮಾತಾಡಾಕೆ ಮೊಕ ಇಲ್ಲ ಅಂತಿದ್ರು. ಗೌರಿ ಅಬ್ಬುದ ದಿನ ನೀನೇ ಮಾಡ್ದಾಗ, ತಪ್ಪಾಯ್ತು ಅಂತ ಯೋಳ್ಬುಡನ ಅಂದ್ಕಂಡ್ರಂತೆ. ನಾಲ್ಗೆ ಏಳ್ನಿಲ್ವಂತೆ."

ಮಾವನಿಗೆ ಸಿಟ್ಟು ಬಂದಿದೆ ಅಂತ ನಾನು ಆರು ತಿಂಗಳು ಅವರಿಂದ ತಪ್ಪಿಸಿಕೊಂಡು ತಿರುಗಿದ್ದೆ. ಅವರು ಅಲ್ಲಿ ನನ್ನ ಕ್ಷಮೆ ಕೇಳುವುದಕ್ಕೆ ಧೈರ್ಯ ಕೂಡಿಸಿಕೊಳ್ಳುತ್ತಿದ್ದರು. ನಾನು ಆಡಿದ್ದನ್ನು ಒಂದೊಂದಾಗಿ ಕೇಳಿಸಿಕೊಂಡೂ ತಪ್ಪು ತಮ್ಮದೇ ಅಂದುಕೊಂಡಿದ್ದರು.

ಅವತ್ತೇ ಅತ್ತೆಗೆ ನಿಜ ಹೇಳಬೇಕಾಗಿತ್ತು. ಬಾಯಿ ಬರಲಿಲ್ಲ. ಹೇಳದೆಯೇ ಎರಡು ವರ್ಷವಾಯಿತು.

ಮೊನ್ನೆ ಬಸ್ಸಿಳಿದು ಮನೆಗೆ ಬಂದಾಗ ಮನಸ್ಸು ತಡೆಯಲಿಲ್ಲ, ಅತ್ತೆಗೆ ಫೋನು ಮಾಡಿದೆ. ಇವತ್ತು ಹೇಳಿಯೇ ಬಿಡುತ್ತೇನೆ ಅಂತಲೇ ಮಾಡಿದ್ದು. ಅದೂ ಇದೂ ಮಾತಾಯಿತು. ನಾನು ಶುರು ಮಾಡುವುದರೊಳಗೆ ಅತ್ತೆಯೇ ಮೆಲ್ಲಗೆ ಕೇಳಿದರು: "ನಿಮ್ಮಾವ ಅವತ್ತು ಅಂಗೆ ಮಾಡ್ಬುಟ್ರು ಅಂತ ನಿಂಗೆ ಮನ್ಸಲ್ಲಿ ಏನಾರಾ ಅದಾ ಮಗ? ಪಾಪ, ಅದೊಂದು ಕೊರಗ್ನಲ್ಲೇ ಓದ್ರು. ಅವರ್‍ನ ಮಾಪು ಮಾಡ್ಬುಡವ್ವ."

ಅತ್ತೆ ಕಾಯುತ್ತಿದ್ದರು.

"ಮಾಡಿದೀನಿ ಅತ್ತೆ" ಅಂದೆ.