ಜಕ್ಕಪ್ಪ ಕಟ್ಟಿದ ಒಂಬತ್ತು ಡಬ್ಬಿಗಳು

ಜಕ್ಕಪ್ಪನ ಅಜ್ಜ ಕುರಿ ಕಾಯ್ದ, ಅಪ್ಪನೂ ಕಾಯ್ದ. ಜಕ್ಕಪ್ಪ ಮಾತ್ರ ಹದಿನೆಂಟಕ್ಕೇ ಕಬ್ಬಿಣದ ಕೆಲಸಕ್ಕೆ ಬಿದ್ದ. ಮಹಾಲಿಂಗಪುರದ ಹೊರಗೆ ತಗಡಿನ ಚಪ್ಪರ ಹಾಕಿ ವೆಲ್ಡಿಂಗ್ ಅಂಗಡಿ ಇಟ್ಟ. ಮೊದಮೊದಲು ಕಿಟಕಿ, ಗೇಟು ಮಾಡುತ್ತಿದ್ದ. ದಾಳಿಂಬೆ ತೋಟದವರು ಸಣ್ಣ ಟ್ರ್ಯಾಕ್ಟರ್ ತಗೊಳ್ಳತೊಡಗಿದ ಮೇಲೆ ಅವನ ಕೆಲಸ ಬದಲಾಯಿತು. ಗಿಡಗಳ ಸಾಲಿನ ನಡುವೆ ದೊಡ್ಡ ಟ್ರೇಲರ್ ಹಾಯುವುದಿಲ್ಲ. ಆ ಸಣ್ಣ ಟ್ರ್ಯಾಕ್ಟರಿಗೆ ತಕ್ಕ ಸಣ್ಣ ಟ್ರೇಲರ್ ಡಬ್ಬಿ ಬೇಕು, ಅದು ತಾನೇ ಎದ್ದು ಗೊಬ್ಬರ ಸುರಿಯಬೇಕು.

ಗುಜರಿಯಿಂದ ಹಳೆಯ ಜ್ಯಾಕ್ ತಂದು, ಟ್ರ್ಯಾಕ್ಟರಿನ ಎಣ್ಣೆಯ ಒತ್ತಡಕ್ಕೆ ಅದನ್ನು ಜೋಡಿಸಿ, ಒಂದು ತಿಂಗಳು ಗುದ್ದಾಡಿ ಮೊದಲನೆಯದನ್ನು ಮಾಡಿದ. ಅದು ಎದ್ದ ದಿನ ಹೆಂಡತಿ ಸುಂದರವ್ವ ಬುತ್ತಿ ಹಿಡಿದುಕೊಂಡೇ ನಿಂತುಬಿಟ್ಟಿದ್ದಳು. "ಅಯ್ಯ, ತಾನ ಏಳತೈತಲ್ಲ!" ಎಂದು ಮಗುವಿನಂತೆ ನಕ್ಕಿದ್ದಳು. ನಾಲ್ಕು ವರ್ಷದಲ್ಲಿ ಅಂಥವು ಒಂಬತ್ತು ಆದವು.

ಒಂಬತ್ತನೆಯದು ಬೀಳಗಿ ಕಡೆಯ ಹೊಳಬಸಪ್ಪನದು. ಬೈಕಿನಿಂದ ಬಿದ್ದು ಭುಜ ಮುರಿದುಕೊಂಡಿದ್ದ ಮನುಷ್ಯ. ಸಲಿಕೆ ಹಿಡಿದು ಗೊಬ್ಬರ ಎಳೆಯಲು ಆಗುತ್ತಿರಲಿಲ್ಲ. ಮೂರು ದಿನ ಅಂಗಡಿಯಲ್ಲೇ ಕೂತು, ಚಹಾ ಕುಡಿಯುತ್ತ, ಡಬ್ಬಿ ಕಟ್ಟುವುದನ್ನು ನೋಡಿದ. ಕೊನೆಗೆ ಒಂದೇ ಕೆಲಸ ಉಳಿಯಿತು, ಆಸರೆ ಕಂಬಿ. ಡಬ್ಬಿ ಎತ್ತಿದಾಗ ಅದರ ಕೆಳಗೆ ಕೊಡುವ ಕಂಬಿ ಅದು. ಎಣ್ಣೆ ಸೋರಿಹೋದರೂ ಡಬ್ಬಿ ಕುಸಿಯಬಾರದು ಎಂದು. ಅದಕ್ಕೆ ಬೇಕಾದ ಅಳತೆಯ ಕಬ್ಬಿಣ ಬಂದಿರಲಿಲ್ಲ.

"ಒಂದ ದಿನ ತಡೀರಿ, ನಾಳಿ ಹಾಕಿ ಕೊಡತೇನಿ," ಎಂದ ಜಕ್ಕಪ್ಪ.

"ಗೊಬ್ಬರ ಬಂದ ಬಿದ್ದೈತಿ, ಆಳಿಗೂ ಹೇಳೇನಿ. ಮುಂದಿನ ವಾರ ತರತೇನಿ ತಗೋ."

ಜಕ್ಕಪ್ಪ ಬಿಟ್ಟುಕೊಟ್ಟ. ಎತ್ತಿದ ಡಬ್ಬಿಯ ಕೆಳಗೆ ಹೋಗಬೇಡ ಎಂದು ಹೊಳಬಸಪ್ಪನಿಗೆ ತಾನು ಹೇಳಿದನೋ ಇಲ್ಲವೋ, ಇವತ್ತಿಗೂ ಜಕ್ಕಪ್ಪನಿಗೆ ನೆನಪಾಗುವುದಿಲ್ಲ.

ಐದನೆಯ ದಿನ ಹಸಿ ಗೊಬ್ಬರ ಡಬ್ಬಿಯ ಕೀಲಿನಲ್ಲಿ ಸಿಕ್ಕಿಕೊಂಡಿತು. ಹೊಳಬಸಪ್ಪ ಅದನ್ನು ಕೆದರಲು ಬಗ್ಗಿ ಎತ್ತಿದ ಡಬ್ಬಿಯ ಕೆಳಗೆ ತಲೆ ಹಾಕಿದ. ಎಣ್ಣೆಯ ಪೈಪು ಒಡೆದು ಡಬ್ಬಿ ಕುಸಿಯಿತು. ಹೆಂಡತಿ ರಾಜಶ್ರೀ ನಾಲ್ಕು ಮಾರು ದೂರದಲ್ಲಿದ್ದಳು. ಆಳುಗಳು ಹಾರೆ ಹಾಕಿ ಡಬ್ಬಿ ಎತ್ತುವಷ್ಟರಲ್ಲಿ ಜೀವ ಇರಲಿಲ್ಲ.

ಪೊಲೀಸರು ಅಂಗಡಿಗೆ ಬಂದು ಎರಡು ಮಾತು ಕೇಳಿ, ಆಕಸ್ಮಿಕ ಎಂದು ಬರೆದುಕೊಂಡು ಹೋದರು. ಜಕ್ಕಪ್ಪನನ್ನು ಯಾರೂ ಬೈಯಲಿಲ್ಲ. ಆ ರಾತ್ರಿ ಅವನು ತಾಟಿನ ಮುಂದೆ ಕೂತು ಉಣ್ಣದೆ ಹೆಂಡತಿಗೆ ಹೇಳಿದ, "ಪೈಪು ಹಳೇದಿತ್ತು. ಜ್ಯಾಕಿನ ಜೋಡಿ ಗುಜರಿಯಿಂದನ ಬಂದದ್ದು."

ಸುಂದರವ್ವ ರೊಟ್ಟಿಯ ಬುಟ್ಟಿ ಕೆಳಗಿಟ್ಟಳು. "ಕೂಡಸೂಕಿಂತ ಮೊದಲ ಗೊತ್ತಿತ್ತೇನು?"

"ಗೊತ್ತಿತ್ತು. ನಡೀತೈತಿ ಅನಕೊಂಡೆ."

ಅವಳು ಎದ್ದು ತಾಟು ತೆಗೆದುಕೊಂಡು ಒಳಗೆ ಹೋದಳು.

ಹದಿನೈದು ದಿನ ಬಿಟ್ಟು ಜಕ್ಕಪ್ಪ ಬೀಳಗಿ ಕಡೆ ಹೋದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ. ಅವನು ಬಾಯಿ ತೆರೆಯುವ ಮೊದಲೇ ರಾಜಶ್ರೀ, "ಅದನ್ನ ರಿಪೇರಿ ಮಾಡಿ ಕೊಡ್ರಿ. ಅರ್ಧ ಗೊಬ್ಬರ ಹಂಗ ಬಿದ್ದೈತಿ, ತ್ವಾಟಾ ಬಿಡಾಕ ಬರೂದಿಲ್ಲ," ಎಂದಳು.

"ಪೈಪು ಹಳೇದಿತ್ರಿ ಅಕ್ಕಾರ. ಹೊಸಾದು ಹಾಕಬೇಕಿತ್ತು. ಹಾಕಲಿಲ್ಲ."

ಅವಳು ಅವನ ಮುಖ ನೋಡಿದಳು. "ನಮ್ಮನಿಯವರಿಗೆ ಹೇಳಿದ್ರೇನು ಇದನ್ನ?"

"ಇಲ್ರಿ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಜಕ್ಕಪ್ಪ ಅಂಗಳದಲ್ಲಿ ಒಬ್ಬನೇ ಕೆಲಸ ಮಾಡಿದ. ಹೊಸ ಪೈಪು ಹಾಕಿದ, ಆಸರೆ ಕಂಬಿ ಕೂಡಿಸಿದ, ಡಬ್ಬಿ ಎತ್ತಿ ತಾನೇ ಅದರ ಕೆಳಗೆ ಹೋಗಿ ನಿಂತ. ಹೊರಡುವಾಗ ಬಾಗಿಲ ಹಿಂದಿನಿಂದ ದನಿ ಬಂತು, "ಇನ್ನ ಈ ಕಡೆ ಬರಬ್ಯಾಡ್ರಿ."

ಆಮೇಲೆ ಅವನು ಉಳಿದ ಎಂಟು ಡಬ್ಬಿಗಳ ಬೆನ್ನು ಹತ್ತಿದ. ಅವಕ್ಕೂ ಗುಜರಿಯ ಪೈಪನ್ನೇ ಹಾಕಿದ್ದ. ಬೈಕಿಗೆ ಹೊಸ ಪೈಪು, ನಟ್ಟು ಬಿಚ್ಚುವ ಪಾನಾ ಕಟ್ಟಿಕೊಂಡು ಮುಧೋಳ, ಬನಹಟ್ಟಿ, ಜಮಖಂಡಿ ಸುತ್ತಲಿನ ತೋಟಗಳಿಗೆ ಹೋದ. ಏಳು ಜನ ಪೈಪು ಬದಲಿಸಲು ಬಿಟ್ಟರು. ಅದರಲ್ಲಿ ಇಬ್ಬರು, ಸಪ್ಪಳ ಮಾಡುತ್ತದೆ ಎಂದು ಆಸರೆ ಕಂಬಿಯನ್ನೇ ಕಿತ್ತು ಬಿಸಾಕಿದ್ದರು. ಅವನು ಅವನ್ನು ಹುಡುಕಿ ಮತ್ತೆ ಕೂಡಿಸಿದ.

ರಬಕವಿಯ ಹುಲೆಪ್ಪ ಮಾತ್ರ ಮುಟ್ಟಗೊಡಲಿಲ್ಲ. "ನಂದು ಛಲೋ ಐತಿ. ಸತ್ತಾವನ ಸುದ್ದಿ ನನ್ನ ಮನಿಗೆ ಯಾಕ ತರತೀಲೇ?" ಎಂದು ಗದರಿ ಕಳಿಸಿದ. ಜಕ್ಕಪ್ಪ ಮತ್ತೆರಡು ಸಲ ಹೋದ. ನಾಲ್ಕನೆಯ ಸಲ ಹೋದಾಗ ಹುಲೆಪ್ಪ ಅದನ್ನು ಮಾರಿಬಿಟ್ಟಿದ್ದ. ತಗೊಂಡವನು ದಲ್ಲಾಳಿ; ಅವನು ಯಾರಿಗೆ ಕೊಟ್ಟನೋ ಹುಲೆಪ್ಪನಿಗೆ ಗೊತ್ತಿಲ್ಲ.

ಜಕ್ಕಪ್ಪ ಈಗ ಟ್ರೇಲರ್ ಕೆಲಸ ಬಿಟ್ಟಿದ್ದಾನೆ. ಅಂಗಡಿ ರಜೆ ಇದ್ದ ದಿನ ಹಳೆಯ ಟ್ರ್ಯಾಕ್ಟರ್ ಮಾರುವವರ ಹತ್ತಿರ ಹೋಗಿ, ನೀಲಿ ಬಣ್ಣದ ಸಣ್ಣ ಡಬ್ಬಿ, ಎಡಗಡೆ ಬಾಗಿಲು ಸ್ವಲ್ಪ ಡೊಂಕು, ಕಂಡೀರೇನು ಎಂದು ಕೇಳುತ್ತಾನೆ. ಎರಡು ವರ್ಷ ಆಯಿತು. ಅದು ಇನ್ನೂ ಸಿಕ್ಕಿಲ್ಲ.