ತುಂಬಿದ ಕೊಡದ ನಡಿಗೆ

ನಮ್ಮ ಮನೆತನವನ್ನು ಯಾರಾದರೂ ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಈ ಕಡೆಗೆಲ್ಲ ಮೊದಲು ಚಿತ್ರಗಳನ್ನು ನಡೆದಾಡಿಸಿದವರು ನೀವೇ ಅಲ್ಲವೇ ಎಂದು ಕೈ ಮುಗಿಯುತ್ತಾರೆ. ಹೌದು, ನಾವೇ. ಅದಕ್ಕೇನಾಯಿತು ಅಂತ ಕೇಳಬೇಕೆನಿಸುತ್ತದೆ. ಚಹಾ ಕೊಟ್ಟು ಕಳಿಸುತ್ತೇನೆ.

ಮುತ್ಯಾ, ಅಂದರೆ ನಮ್ಮಪ್ಪನ ಅಪ್ಪ, ಹೈದರಾಬಾದಿನಲ್ಲಿ ಸಿನಿಮಾ ಬೋರ್ಡು ಬರೆಯುತ್ತಿದ್ದವರು. ಯಾರೋ ಮಾರಿದ ಹಳೆಯ ಕ್ಯಾಮೆರಾ ತೆಗೆದುಕೊಂಡು ಶಹಾಬಾದಿಗೆ ಬಂದು, ಮನೆಯ ಹಿಂದಿನ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡರು. ಟೂರಿಂಗ್ ಟಾಕೀಜಿನಲ್ಲಿ ಸಿನಿಮಾಕ್ಕೆ ಮುಂಚೆ ತೋರಿಸುವ ಜಾಹೀರಾತು ಅವರ ಕಸುಬು. ಬೀಜದ ಅಂಗಡಿಯ ಎತ್ತು ಬಾಲ ಬೀಸುವುದು, ಸಾಬೂನಿನಿಂದ ತೊಳೆದ ಅಂಗಿ ತಾನಾಗಿ ಹಾರಿ ತಂತಿಯ ಮೇಲೆ ಕೂಡುವುದು, ಇಂಥವು. ಅರ್ಧ ನಿಮಿಷದ ಆಟಕ್ಕೆ ಮುನ್ನೂರು, ನಾನೂರು ಹಾಳೆ ಬೇಕು. ಹೆಜ್ಜೆ ಎತ್ತುವ ಚಿತ್ರ, ಹೆಜ್ಜೆ ಊರುವ ಚಿತ್ರ ಮುತ್ಯಾ ಬರೆಯುವರು. ನಡುವಿನವನ್ನೆಲ್ಲ ತುಂಬುವುದು ಅವರ ಹೆಂಡತಿಯ, ಅಂದರೆ ನನ್ನ ಆಯಿಯ ಕೆಲಸ. ಗಾಜಿನ ಮೇಜು, ಅದರ ಕೆಳಗೊಂದು ಬಲ್ಬು. ಕೆಳಗಿನ ಹಾಳೆಯ ಗೆರೆ ಕಾಣುತ್ತಿರುವಾಗಲೇ ಮೇಲಿನದನ್ನು ಎಳ್ಳಷ್ಟು ಸರಿಸಿ ಬರೆಯಬೇಕು. ಹೆಸರು ಮುತ್ಯಾನಿಗೆ ಬಂತು, ಕಣ್ಣು ಆಯಿಯದು ಹೋಯಿತು.

ಅವರಿಗೊಬ್ಬ ಮಗಳಿದ್ದಳು. ಬದುಕಿದ್ದರೆ ನನಗೆ ಅತ್ತಿ ಆಗುತ್ತಿದ್ದಳು. ನಾನು ಹುಟ್ಟಿದ ವರ್ಷವೇ, ಅವಳ ಹನ್ನೊಂದನೆಯ ವಯಸ್ಸಿಗೆ, ಮನೆಯ ಹಿಂದಿನ ಕಲ್ಲಿನ ಖಣಿಯಲ್ಲಿ ನಿಂತ ನೀರಿಗೆ ಬಿದ್ದು ಸತ್ತಳು. ನಮಗೆ ಹೇಳಿದ್ದು ಇಷ್ಟೇ, ಉಳಿದದ್ದು ಜಡೆ ಹಾಕಿಕೊಂಡ ಅವಳದೊಂದು ಹಳೆಯ ಫೋಟೋ. ಆಮೇಲೆ ಸ್ಟುಡಿಯೋ ಮುಚ್ಚಿತು, ಅಪ್ಪನಿಗೆ ರೈಲ್ವೆ ನೌಕರಿ ಸಿಕ್ಕು ಎಲ್ಲರೂ ವಾಡಿಯ ಕ್ವಾರ್ಟರ್ಸಿಗೆ ಬಂದರು. ಗಾಜಿನ ಮೇಜೂ ಬಂತು. ಆಯಿ ದಿನಾ ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಬಾಗಿಲು ಮುಂದೆ ಮಾಡಿ ಮುಚ್ಚಿಕೊಂಡು ಆ ಮೇಜಿನ ಮುಂದೆ ಕೂಡುತ್ತಿದ್ದಳು. ಹಳೆಯ ಚಾಳಿ, ಬಿಡಲಿಕ್ಕೆ ಆಗುವುದಿಲ್ಲ ಎಂದು ಮನೆಯವರು ಸುಮ್ಮನಿದ್ದರು.

ನನಗೆ ಹನ್ನೊಂದು ತುಂಬಿದ ವರ್ಷ ಆಯಿ ಮೊದಲ ಸಲ ನನ್ನನ್ನು ನಡೆಸಿದಳು. ಅಂಗಳದಲ್ಲಿ ಬಿಸಿಲು ಸುಡುತ್ತಿತ್ತು. ಸೊಂಟದ ಮೇಲೆ ತುಂಬಿದ ಕೊಡ ಇಡಿಸಿ, ಬಚ್ಚಲಿನಿಂದ ತಲಬಾಗಿಲವರೆಗೆ ನಡೆ ಎಂದಳು. ನೀರು ಬೇಕಿರಲಿಲ್ಲ, ಬಚ್ಚಲಿನ ತೊಟ್ಟಿ ತುಂಬಿಯೇ ಇತ್ತು. ಯಾಕೆ ಎಂದು ಕೇಳಿದರೂ ನನ್ನ ಕಾಲನ್ನೇ ನೋಡುತ್ತಿದ್ದಳು. ಮುಖದ ಕಡೆ, ನನ್ನ ಮಾರಿ ಕಡೆ, ಒಂದು ಸಲವೂ ನೋಡಲಿಲ್ಲ. ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ನಾನು ಸೀರೆ ಉಟ್ಟ ವರ್ಷ ನಡೆಸಿದಳು. ಸೇಡಂಗೆ ಮದುವೆಯಾಗಿ ಹೋಗಿ ತವರಿಗೆ ಬಂದಾಗಲೆಲ್ಲ ನಡೆಸಿದಳು. ಏಳು ತಿಂಗಳ ಬಸುರಿಯನ್ನೂ ಬಿಡಲಿಲ್ಲ ಪುಣ್ಯಾತ್ಗಿತ್ತಿ. ಮುತ್ಯಾ, ಅಪ್ಪ, ಅವ್ವ ಎಲ್ಲರೂ ತೀರಿಕೊಂಡ ಮೇಲೆ ಆಯಿಯನ್ನೂ ಆ ಮೇಜನ್ನೂ ಸೇಡಂಗೆ ಕರೆದುಕೊಂಡು ಬಂದೆ. ಚಿತ್ತಾಪುರದ ಶಾಲೆಯಲ್ಲಿ ವಾರವಿಡೀ ಮಕ್ಕಳ ಗಣಿತ ತಿದ್ದಿ ಬಂದ ನನಗೆ ರವಿವಾರವೂ ಬಿಡುವಿಲ್ಲ, ಕೊಡ ಹೊತ್ತು ನಡೆಯಬೇಕು. ಮುದುಕಿಯ ಹುಚ್ಚು ಎಂದು ಬಯ್ಯುತ್ತಲೇ ನಡೆಯುತ್ತಿದ್ದೆ.

ಹೋದ ವರ್ಷ ಹೈದರಾಬಾದಿನಿಂದ ಒಬ್ಬರು ಬಂದರು. ಹಳೆಯ ಚಿತ್ರಗಳನ್ನು ಹುಡುಕಿ ಕಂಪ್ಯೂಟರಿಗೆ ಏರಿಸುವುದು ಅವರ ಕೆಲಸ. ಮುತ್ಯಾನ ಟ್ರಂಕುಗಳನ್ನು ತೆಗೆದು ಕೊಟ್ಟೆ, ಆಯಿಯ ಹಾಳೆಗಳೂ ಅವುಗಳಲ್ಲೇ ಇದ್ದವು. ಎರಡು ದಿನ ಪಡಸಾಲೆಯಲ್ಲಿ ಕೂತು ಹಾಳೆಗಳ ಫೋಟೋ ತೆಗೆದರು. ಮೂಲೆಯಲ್ಲಿ ನಂಬರು ಇದ್ದದ್ದರಿಂದ ಜೋಡಿಸುವುದು ಕಷ್ಟವಾಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ನನ್ನನ್ನು ಕರೆದು, ಮೇಡಂ ಇದೊಂದು ನೋಡ್ರಿ ಎಂದರು. ಹಿತ್ತಾಳೆ ಪಾತ್ರೆ ಅಂಗಡಿಯ ಜಾಹೀರಾತಂತೆ, ಮುಗಿದಿಲ್ಲವಂತೆ, ಆದರೆ ಹಾಳೆಗಳು ಮಾತ್ರ ಮುಗಿಯುತ್ತಲೇ ಇಲ್ಲವಂತೆ.

ಕಂಪ್ಯೂಟರಿನ ತೆರೆಯ ಮೇಲೆ ಲಂಗ ಉಟ್ಟ ಹುಡುಗಿಯೊಬ್ಬಳು ಕೊಡ ಹೊತ್ತು ನಡೆಯುತ್ತಿದ್ದಳು. ಮಾರಿ ಆಚೆ ಕಡೆಗಿತ್ತು, ಬರೀ ಜಡೆ ಕಾಣುತ್ತಿತ್ತು, ಹಳೆಯ ಫೋಟೋದಲ್ಲಿನ ಅತ್ತಿಯ ಜಡೆಯೇ. ನಡೆಯುತ್ತ ನಡೆಯುತ್ತ ಉದ್ದವಾದಳು. ಲಂಗ ಸೀರೆಯಾಯಿತು. ಸೊಂಟ ಅಗಲವಾಯಿತು. ಹೊಟ್ಟೆ ಮುಂದೆ ಬಂತು, ಬೆನ್ನು ಹಿಂದಕ್ಕೆ ಬಾಗಿತು, ಮತ್ತೆ ನೆಟ್ಟಗಾಯಿತು. ಎಲ್ಲೂ ನಿಲ್ಲಲಿಲ್ಲ. ಆಮೇಲೆ ಬಲಗಾಲನ್ನು ತುಸು ಹೊರಕ್ಕೆ ಎಸೆದು ನಡೆಯತೊಡಗಿದಳು. ಚಿತ್ತಾಪುರ ಸ್ಟೇಷನ್ನಿನಲ್ಲಿ ಬಿದ್ದು ಕಾಲು ಮುರಿದುಕೊಂಡ ಮೇಲೆ ನಾನು ನಡೆಯುವುದೇ ಹಾಗೆ. ತೆರೆಯ ಮೇಲೆ ನನ್ನ ಕಾಲು, ನನ್ನ ಸೊಂಟ, ನನ್ನ ಬಸುರು, ಎಲ್ಲವೂ ಸತ್ತ ಹುಡುಗಿಯ ಮೈಗೆ ಹತ್ತಿಕೊಂಡು ನಡೆಯುತ್ತಿತ್ತು. ಕೊನೆಯ ಇಪ್ಪತ್ತು ಹಾಳೆಗಳಲ್ಲಿ ಅವಳು ಸಾವಕಾಶವಾಗಿ ನಮ್ಮ ಕಡೆ ತಿರುಗಿದಳು. ಮಾರಿ ಇರಬೇಕಾದಲ್ಲಿ ಏನೂ ಇರಲಿಲ್ಲ, ಬಿಳಿ ಹಾಳೆ.

ಬಂದವರು ಅದ್ಭುತ, ಅದ್ಭುತ ಎನ್ನುತ್ತಿದ್ದರು. ಇದನ್ನು ದೊಡ್ಡ ತೆರೆಯ ಮೇಲೆ ತೋರಿಸೋಣವೇ ಎಂದರು. ಮೊದಲು ಅದನ್ನು ಮುಚ್ಚಿ ಎಂದು ಗದರಿದೆ. ಪಾಪ, ಅವರ ತಪ್ಪೇನಿರಲಿಲ್ಲ. ಸಂಜೆ ರೈಲಿಗೆ ಹೊರಟರು.

ಒಳಗೆ ಹೋದೆ. ಆಯಿ ಮೇಜಿನ ಮುಂದೆ ಕೂತಿದ್ದಳು. ಕರೆಂಟು ಹೋಗಿ ಬಲ್ಬು ಆರಿದ್ದು ಅವಳಿಗೆ ಗೊತ್ತಾಗಿರಲಿಲ್ಲ. ತೊಂಬತ್ತರ ಹತ್ತಿರ ಬಂದ ಅವಳಿಗೆ ಕಣ್ಣು ಪೂರ್ತಿ ಹೋಗಿ ವರ್ಷವಾಗಿತ್ತು, ಆದರೂ ದಿನಾ ಕೂಡುವುದು ತಪ್ಪಿರಲಿಲ್ಲ. ನನ್ನ ಸಿಟ್ಟು ನೆತ್ತಿಗೇರಿತ್ತು.

“ನನ್ನ ನಡಿಗಿ ಯಾಕ ಕದ್ದಿ, ಆಯಿ?”

“ಆಕೀಗಿ ಬ್ಯಾರೆ ಯಾರ ಕಾಲಿದ್ದವು?” ಎಂದಳು, ಅಷ್ಟೇ ಸಹಜವಾಗಿ.

ಆಮೇಲೆ ಒಂದೊಂದೇ ಮಾತು ಬಂತು. ಪಾತ್ರೆ ಅಂಗಡಿಯ ಚಿತ್ರಕ್ಕೆ ಮಗಳನ್ನೇ ನಡೆಸಿ ನೋಡಿ ಬರೆಯುತ್ತಿದ್ದರಂತೆ. ಮುತ್ಯಾನಿಗೆ ಅದು ಚೆನ್ನಾಗಿಯೇ ಕಂಡಿತ್ತು. ನಡುವಿನ ಹಾಳೆ ತುಂಬುವ ಆಯಿಗೆ ಮಾತ್ರ ಏನೋ ತಪ್ಪಿದೆ ಎನಿಸಿತು.

“ಖಾಲಿ ಕೊಡ ಹೊತ್ತಿದ್ದಳು. ಖಾಲಿ ಕೊಡದ ನಡಿಗಿ ಸುಳ್ಳಿರತದ, ನನಗ ಗೊತ್ತಾಗತದ. ತುಂಬ್ಕೊಂಡು ಬಾ ಅಂದೆ. ನಳದ ಹತ್ರ ಮಂದಿ ಪಾಳಿ ಹಚ್ಚಿ ನಿಂತಾರ ಅವ್ವ, ನಾಳಿ ನಡೀತೀನಿ ಅಂದಳು. ಇವತ್ತೇ ಬೇಕು ಅಂದೆ. ಆಕಿ ಖಣಿಗಿ ಹೋದಳು.”

ಮನೆಯಲ್ಲಿ ಯಾರಿಗೂ ಈ ಮಾತು ಗೊತ್ತಿರಲಿಲ್ಲ, ಮುತ್ಯಾನಿಗೂ ಇಲ್ಲ. ಹನ್ನೊಂದು ವರ್ಷ ಆಯಿ ಆ ಹುಡುಗಿಯನ್ನು ಒಂದೇ ಹೆಜ್ಜೆಯಲ್ಲಿ ನಿಲ್ಲಿಸಿ ಕಾದಿದ್ದಳು, ಅವಳಿಗೆ ಕೊಡಲು ಕಾಲುಗಳು ಬೆಳೆಯಲಿ ಎಂದು. ಆ ಕಾಲುಗಳು ನನ್ನವು. ನನಗೆ ಅಳು ಬಂತು, ಯಾರ ಸಲುವಾಗಿ ಎಂದು ಈಗಲೂ ಗೊತ್ತಿಲ್ಲ.

ಇಷ್ಟು ವರ್ಷವಾದ ಮೇಲೆ ಅವಳನ್ನು ಈ ಕಡೆ ತಿರುಗಿಸಿದ್ದು ಯಾಕೆ ಎಂದು ಕೇಳಿದೆ.

“ಆಕೀಗಿ ನನ್ನ ಮ್ಯಾಲ ಸಿಟ್ಟದನೋ ಇಲ್ಲೋ ನೋಡಬೇಕು. ಅದು ತಿಳೀಲಾರದ ನಾ ಹ್ಯಾಂಗ ಹೋಗ್ಲಿ?”

ತಿರುಗಿಸುವಷ್ಟರಲ್ಲಿ ಕಣ್ಣು ಕೈಕೊಟ್ಟಿತ್ತು. ಮಾರಿ ಬರೆಯುವುದು ಉಳಿಯಿತು.

ಮರುದಿನ ಮಧ್ಯಾಹ್ನ ನಾನೇ ಬಾಗಿಲು ಮುಂದೆ ಮಾಡಿದೆ. ಬಲ್ಬು ಹಚ್ಚಿದೆ. ಕೊನೆಯ ಹಾಳೆ ಇಟ್ಟು ಅದರ ಮೇಲೆ ಹೊಸದೊಂದನ್ನು ಇಟ್ಟೆ. ನನಗೆ ಚಿತ್ರ ಬರೆಯಲಿಕ್ಕೆ ಬರುವುದಿಲ್ಲ, ಬೋರ್ಡಿನ ಮೇಲೆ ವೃತ್ತ ತೆಗೆದರೆ ಮಕ್ಕಳು ನಗುತ್ತಾರೆ. ಪೆನ್ಸಿಲ್ ನೀನು ಹಿಡಿ, ಕೈ ನಾನು ನಡೆಸುತ್ತೇನೆ ಎಂದು ಆಯಿ ತನ್ನ ಕೈಯನ್ನು ನನ್ನ ಕೈ ಮೇಲೆ ಇಟ್ಟಳು. ಅದು ಒಣರೊಟ್ಟಿಯಷ್ಟು ಹಗುರವಿತ್ತು. ಪೆನ್ಸಿಲ್ ಹೊರಟಿತು. ಹುಬ್ಬು ಬಂತು, ಕಣ್ಣು ಬಂತು. ಗೆರೆ ಎಲ್ಲೂ ನಡುಗಲಿಲ್ಲ.

“ಇಷ್ಟು ಜೋರು ಒತ್ತಬ್ಯಾಡ, ಹಾಳಿ ಹರೀತದ,” ಎಂದಳು ಆಯಿ.

ನಾನು ಒತ್ತಿರಲಿಲ್ಲ. ಅವಳೇ ಒತ್ತುತ್ತಿದ್ದಾಳೆ ಎಂದುಕೊಂಡಿದ್ದೆ. ಕೈ ಬಿಡಬೇಕೆಂದರೂ ಬಿಡಲಾಗಲಿಲ್ಲ. ಮೂಗು, ತುಟಿ, ಗದ್ದ ಬರೆದು ಪೆನ್ಸಿಲ್ ತಾನಾಗಿ ನಿಂತಿತು.

“ಬಂದ್ಲೇನು?” ಎಂದು ಆಯಿ ಪಿಸುಗುಟ್ಟಿದಳು. “ಹ್ಯಾಂಗದಾಳ?”

ನೋಡಿದೆ. ಅದು ನನ್ನ ಮಾರಿಯಲ್ಲ. ಹಳೆಯ ಫೋಟೋದ ಹುಡುಗಿಯ ಮಾರಿಯೂ ಅಲ್ಲ. ನನ್ನ ವಯಸ್ಸಿನ, ನಾನೆಂದೂ ನೋಡಿರದ ಹೆಂಗಸೊಬ್ಬಳು ಹುಬ್ಬು ಗಂಟಿಕ್ಕಿ, ಬಾಯಿ ತೆರೆದು, ನೇರ ಆಯಿಯ ಕಡೆ ನೋಡುತ್ತಿದ್ದಳು. ನಗುತ್ತಿದ್ದಾಳೆ ಎಂದು ಹೇಳಿಬಿಟ್ಟರೆ ಯಾರ ಗಂಟು ಹೋಗುತ್ತಿತ್ತು? ಹೇಳಬೇಕೆಂದೇ ಬಾಯಿ ತೆರೆದೆ. ಆ ಕಣ್ಣುಗಳ ಮುಂದೆ ಸುಳ್ಳು ಹೊರಡಲಿಲ್ಲ.

“ಸಿಟ್ಟಿನಾಗ ಅದಾಳ, ಆಯಿ. ಬೈಲಿಕತ್ತಾಳ.”

ಆಯಿಯ ಕೈ ನನ್ನ ಕೈ ಮೇಲೆ ಹಾಗೆಯೇ ಇತ್ತು.

“ಭಾಳ ಬೈಲಿಕತ್ತಾಳೇನು?”

“ಭಾಳ.”

ಅವಳು ಕುಸಿಯುತ್ತಾಳೆಂದು ತೋಳು ಹಿಡಿದುಕೊಂಡೆ. ಅವಳು ಕುಸಿಯಲಿಲ್ಲ. ಬೆರಳಿನಿಂದ ಹಾಳೆಯ ಮೇಲೆ ತಡವುತ್ತ ಹೋಗಿ, ಆ ತೆರೆದ ಬಾಯಿಯ ಗೆರೆ ಸಿಕ್ಕಲ್ಲಿ ನಿಂತಳು.

“ಬೈಲಿ ಯವ್ವಾ, ಬೈಲಿ,” ಎಂದಳು. “ಇಷ್ಟು ವರ್ಷ ನನ್ನ ಸಂಗಟ ಒಂದು ಮಾತೂ ಆಡಿದ್ದಿಲ್ಲ.”